ಉಜ್ವಲಾ ಸಿಸ್ಟರ್ ತೆಗೆಯದ ಹನ್ನೊಂದನೆಯ ಪುಟ

ಉಜ್ವಲಾ ಸಿಸ್ಟರ್‌ಗೆ ನಲವತ್ತೆರಡು ವರ್ಷ. ಹುಟ್ಟಿದ್ದು ಔರಾದ ತಾಲೂಕಿನ ಸಂತಪುರದಲ್ಲಿ. ಈಗ ಬೀದರಿನಲ್ಲಿ, ನಮ್ಮ ಓಣಿಯಲ್ಲೇ ಮನೆ. ಒಂದು ಖಾಸಗಿ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಹದಿನಾರು ವರ್ಷ ಕೆಲಸ ಮಾಡಿದ್ದಾರೆ. ಅದರಲ್ಲಿ ಒಂಬತ್ತು ವರ್ಷ ಇನ್‌ಚಾರ್ಜ್ ಆಗಿದ್ದರು. ಇನ್‌ಚಾರ್ಜ್ ಎಂದರೆ ಆರು ಯಂತ್ರ, ಐವರು ನರ್ಸ್‌ಗಳು, ಮೂವತ್ತನಾಲ್ಕು ರೋಗಿಗಳು ಮತ್ತು ಒಂದು ಕೀಲಿಗೊಂಚಲು. ಹೋದ ವರ್ಷ ಆಷಾಢದಲ್ಲಿ ಆ ಗೊಂಚಲು ಅವರ ಕೈತಪ್ಪುವ ಮಾತು ಬಂತು. ಆಮೇಲೆ ನಡೆದದ್ದನ್ನು ಅವರಿಂದಲೇ ಕೇಳಿ, ಬರೆದದ್ದನ್ನು ಎರಡು ಸಲ ಅವರಿಗೆ ಓದಿ ತೋರಿಸಿದ್ದೇನೆ.

ಆ ಆಸ್ಪತ್ರೆ ನಡೆಸುವ ಟ್ರಸ್ಟ್‌ಗೆ ಭಾಲ್ಕಿಯಲ್ಲಿ ಇನ್ನೊಂದು ಆಸ್ಪತ್ರೆ ಇದೆ. ಔರಾದದಲ್ಲಿ ಎರಡೇ ಯಂತ್ರದ ಸಣ್ಣ ಕೇಂದ್ರವಿದೆ. ಮೂರಕ್ಕೂ ಆಡಳಿತಾಧಿಕಾರಿ ಸಂಜುಕುಮಾರ. ಒಂದು ಸೋಮವಾರ ಅವರು ನೋಟಿಸ್ ಅಂಟಿಸಿದರು: ದಸರೆಯ ನಂತರ ವಿಶೇಷ ವಿಭಾಗಗಳಿಗೆ ಇನ್‌ಚಾರ್ಜ್ ಆಗುವವರು ಆಯಾ ವಿಭಾಗದ ವಿಶೇಷ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದಿರಬೇಕು. ಉಜ್ವಲಾ ಸಿಸ್ಟರ್ ಬಳಿ ನರ್ಸಿಂಗ್ ಓದಿದ ಸರ್ಟಿಫಿಕೇಟ್ ಇತ್ತು, ಡಯಾಲಿಸಿಸ್‌ನದು ಇರಲಿಲ್ಲ. ಅದು ಇದ್ದದ್ದು ಭಾಲ್ಕಿಯಿಂದ ಈ ವಿಭಾಗಕ್ಕೆ ಬಂದು ಎಂಟು ತಿಂಗಳಾಗಿದ್ದ ನರ್ಸ್ ಈಶ್ವರಿಯ ಬಳಿ. ಆಕೆಗೆ ಇಪ್ಪತ್ತೇಳು ವರ್ಷ.

ಮರುದಿನ ನರ್ಸಿಂಗ್ ಸೂಪರಿಂಟೆಂಡೆಂಟ್ ಮಹಮೂದಾ ಬೇಗಂ ಉಜ್ವಲಾ ಸಿಸ್ಟರನ್ನು ಒಳಗೆ ಕರೆದರು.

"ಬೇಟಾ, ಭಾಲ್ಕಿ ಟ್ರಸ್ಟ್ ಮೀಟಿಂಗಿಗಿ ಒಂದು ವರದಿ ಬೇಕಾಗ್ಯಾದ. ನರ್ಸ್ ಮಂದಿ ಕಲಿತದ್ದು ವರ್ಷಾನುಗಟ್ಲೆ ಹ್ಯಾಂಗ ಉಳೀತದ, ಈ ಸರ್ಟಿಫಿಕೇಟಿನಿಂದ ಪೇಷಂಟಿಗಿ ಏನ್ ಫಾಯ್ದಾ, ಸಂಶೋಧನಾದಾಗ ಏನದ, ಎಲ್ಲಾ ಓದಿ ಬರೀಬೇಕು. ನಿನ್ನ ಕೈಲೇ ಬರಸ್ರಿ ಅಂದಾರ ಸಂಜುಕುಮಾರ ಸಾಹೇಬ್ರು."

"ನನ್ನ ಕೈಲೇ ಯಾಕ್ರಿ?"

"ಕೀಲಿ ಹೋಗೂದು ನಿಂದು. ನೀನೇ ಬರದ್ರ ಉಳದವ್ರು ಬಾಯಿ ತೆರಿಯಂಗಿಲ್ಲ." ಮಹಮೂದಾ ಬೇಗಂ ದನಿ ಇಳಿಸಿದರು. "ಸರ್ಟಿಫಿಕೇಟಿನಿಂದ ಫಾಯ್ದಾ ಆಗೂದು ಸಾಬೀತಾಗ್ಯಾದ ಅಂತ ಒಂದು ಸಾಲು ಬರಿ. ನಿನಗ ಎರಡು ವರ್ಷ ಮಾಫಿ ಕೊಡ್ತಾರ. ಅಷ್ಟರೊಳಗ ನೀನೂ ಪರೀಕ್ಷಾ ಕಟ್ಟು."

"ಮೊದಲು ಓದ್ತೇನ್ರಿ. ಸಾಲು ಆಮ್ಯಾಲ."

ಓದಲು ಹಿಡಿದದ್ದು ಆರು ವಾರ. ಡ್ಯೂಟಿ ಮುಗಿದ ಮೇಲೆ ನಾಲ್ಕರಿಂದ ಆರರವರೆಗೆ ರೆಕಾರ್ಡ್ ಕೋಣೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಲೇಖನಗಳೆಲ್ಲ ಇಂಗ್ಲಿಷಿನಲ್ಲಿದ್ದವು. ದಿನಕ್ಕೆ ಒಂದೇ ಲೇಖನ. ತಿಳಿಯದ ಶಬ್ದಕ್ಕೆ ಪೆನ್ಸಿಲ್ ಗೆರೆ ಎಳೆದು, ಬೆಳಿಗ್ಗೆ ಡಾಕ್ಟರನ್ನು ಕೇಳುತ್ತಿದ್ದರು. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದಿದ್ದರು: ಯಾರನ್ನು ನೋಡಿದರು, ಯಾರು ನೋಡಿದರು, ಹೇಗೆ ನೋಡಿದರು, ರೋಗಿಯನ್ನು ಯಾರಾದರೂ ಕೇಳಿದರೇ. ಆ ಪುಸ್ತಕವನ್ನು ನಾನು ನೋಡಿದ್ದೇನೆ. ಕೊನೆಯ ಕಾಲಂನಲ್ಲಿ ಪುಟಗಟ್ಟಲೆ "ಇಲ್ಲ" ಎಂದೇ ಇದೆ.

ಮೂವತ್ತೆಂಟು ಲೇಖನ ಸಿಕ್ಕಿದ್ದವು. ಅವುಗಳಲ್ಲಿ ಎರಡು ಒಂದೇ ಆಸ್ಪತ್ರೆಯ ಅದೇ ನರ್ಸ್‌ಗಳ ಬಗ್ಗೆ ಬೇರೆ ಬೇರೆ ಹೆಸರಿನಲ್ಲಿ ಬರೆದವು ಎಂದು ಕಂಡುಹಿಡಿದು, ಒಂದನ್ನು ಹೊಡೆದುಹಾಕಿದರು. ಉಳಿದ ಮೂವತ್ತೇಳರಲ್ಲಿ ಇಪ್ಪತ್ತಾರು, ಪ್ರಮಾಣಪತ್ರ ಪಡೆದ ನರ್ಸ್‌ಗಳ ಕೈಗೇ ಪ್ರಶ್ನೆಪತ್ರಿಕೆ ಕೊಟ್ಟು, ನಿಮ್ಮ ಧೈರ್ಯ ಹೆಚ್ಚಿದೆಯೇ, ಕೆಲಸ ಚೆನ್ನಾಗಿದೆಯೇ ಎಂದು ಕೇಳಿದವು. ಹೆಚ್ಚಿನವರು ಹೌದು ಎಂದಿದ್ದರು.

"ಸಾರು ರುಚಿ ಆಗ್ಯಾದೇನಂತ ಮಾಡಿದಾಕಿಗೇ ಕೇಳ್ಯಾರ. ಊಟಕ್ಕ ಕೂತವನಿಗಿ ಕೇಳಿಲ್ಲ," ಎಂದು ಅವರು ಈಶ್ವರಿಗೆ ಹೇಳಿ ನಕ್ಕರು.

ಏಳು ಲೇಖನಗಳು ರೋಗಿಗಳ ಲೆಕ್ಕ ಹಿಡಿದಿದ್ದವು. ಮೂರರಲ್ಲಿ ಪ್ರಮಾಣಪತ್ರದವರು ಹೆಚ್ಚಿದ್ದ ವಾರ್ಡಿನಲ್ಲಿ ಸೋಂಕು ಕಡಿಮೆ. ಎರಡರಲ್ಲಿ ಏನೂ ವ್ಯತ್ಯಾಸವಿಲ್ಲ. ಇನ್ನೆರಡರಲ್ಲೂ ಸೋಂಕು ಕಡಿಮೆಯೇ, ಆದರೆ ಆ ಆಸ್ಪತ್ರೆಗಳಲ್ಲಿ ಮೊದಲೇ ನರ್ಸ್‌ಗಳ ಸಂಖ್ಯೆ ಜಾಸ್ತಿ. ಒಳ್ಳೆಯದಾದದ್ದು ಕಾಗದದಿಂದಲೋ ಕೈಗಳು ಹೆಚ್ಚಿದ್ದರಿಂದಲೋ ಹೇಳಲು ಬರುವುದಿಲ್ಲ.

ಕೊನೆಯ ನಾಲ್ಕು ಲೇಖನಗಳು ಅವರಿಗೆ ಚುಚ್ಚಿದವು. ಅಲ್ಲಿ ನರ್ಸ್‌ಗಳ ಎದುರು ನಿಂತು, ಕೆಲಸ ಮಾಡಿಸಿಯೇ ನೋಡಿದ್ದರು. ಕಲಿತದ್ದು ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಪ್ರಮಾಣಪತ್ರ ಇದ್ದವರಿಗೂ ಆಗುತ್ತದೆ, ಹಳೆಯ ಕೈಗೂ ಆಗುತ್ತದೆ. ಹದಿನಾರು ವರ್ಷದ ಅನುಭವಕ್ಕೆ ಅಲ್ಲಿ ಮಾಫಿ ಇರಲಿಲ್ಲ. ಅವತ್ತು ಅವರು ಆರು ಗಂಟೆಯವರೆಗೂ ಕೂರದೆ ಮನೆಗೆ ಬಂದರು. ಆದರೂ ಮರುದಿನ ಅದನ್ನೂ ಬರೆದರು.

ಬರೆದು ಮೂರು ದಿನವಾಗಿತ್ತು, ಧೊಂಡಿಬಾ ತಲೆಗೆ ಹೊಸ ರುಮಾಲು ಸುತ್ತಿಕೊಂಡು ಬಂದ.

ಧೊಂಡಿಬಾ ಭಾತಂಬ್ರಾದ ಮುದುಕ. ಆರು ವರ್ಷದಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬರುತ್ತಾನೆ. ಯಂತ್ರಕ್ಕೆ ಹಾಕುವ ಮೊದಲು ರೋಗಿಯನ್ನು ತೂಗುತ್ತಾರೆ, ಯಾಕೆಂದರೆ ಮೈಯಲ್ಲಿ ಎಷ್ಟು ನೀರು ತುಂಬಿದೆ, ಎಷ್ಟು ತೆಗೆಯಬೇಕು ಎಂಬುದು ತೂಕದಿಂದಲೇ ಗೊತ್ತಾಗುವುದು. ಆದರೆ ಹಳ್ಳಿಯ ಹಿರಿಯರು ನಾಲ್ಕು ಜನರ ಎದುರು ತಲೆಯ ರುಮಾಲು ತೆಗೆಯುವುದಿಲ್ಲ. ತೆಗೆ ಎನ್ನುವುದೇ ಅವಮಾನ. ಉಜ್ವಲಾ ಸಿಸ್ಟರ್ ಅದಕ್ಕೆ ಉಪಾಯ ಮಾಡಿದ್ದರು. ಒಬ್ಬೊಬ್ಬರ ರುಮಾಲನ್ನೂ ಒಗೆಯುವ ದಿನ ಮನೆಯಿಂದ ಚೀಲದಲ್ಲಿ ತರಿಸಿ ಒಮ್ಮೆ ತೂಗಿ, ಒಂಬತ್ತು ಹೆಸರುಗಳ ಪಟ್ಟಿ ಮಾಡಿ ಕಪಾಟಿಗೆ ಅಂಟಿಸಿದ್ದರು. ಧೊಂಡಿಬಾನ ರುಮಾಲು ನಾನೂರು ಗ್ರಾಂ. ಅದನ್ನು ಕಳೆದರೆ ಮೈತೂಕ. ಡಾಕ್ಟರರೂ ಆ ಪಟ್ಟಿಯನ್ನು ಹೊಗಳಿದ್ದರು.

ಈಶ್ವರಿ ಮಾತ್ರ ಪ್ರತಿ ಸಲ ತನ್ನ ಹಾಳೆ ಹಿಡಿದು, ಇವತ್ತು ಏನು ಉಟ್ಟಿದ್ದಾರೆ ಎಂದು ಕೇಳಿ ಬರೆಯುತ್ತಿದ್ದಳು. "ಬಟ್ಟಿ ಅಂಗಡಿ ಇಡಾಕಿ ಏನ್?" ಎಂದು ಉಜ್ವಲಾ ಸಿಸ್ಟರ್ ಅವಳನ್ನು ಕಾಡುತ್ತಿದ್ದರು.

ಅವತ್ತು ತಾವೇ ತೂಗಿದರು. ಪಟ್ಟಿ ನೋಡುವ ಅಗತ್ಯವೂ ಇರಲಿಲ್ಲ, ನಾನೂರು ಬಾಯಿಪಾಠ. ಕಳೆದರು, ಯಂತ್ರಕ್ಕೆ ಹಾಕಿದರು. ಮೂರನೆಯ ಗಂಟೆಯಲ್ಲಿ ಧೊಂಡಿಬಾನ ಕಾಲು ಸೆಟೆದವು. ಬಿ.ಪಿ. ಇಳಿಯಿತು, ಹಣೆ ಬೆವರಿತು. ಉಜ್ವಲಾ ಸಿಸ್ಟರ್ ಓಡಿಬಂದು ನೀರು ತೆಗೆಯುವುದನ್ನು ನಿಲ್ಲಿಸಿದರು, ಕಾಲೆತ್ತಿ ಮಲಗಿಸಿದರು, ಸಲೈನ್ ಬಿಟ್ಟರು. ಹತ್ತು ನಿಮಿಷದಲ್ಲಿ ಅವನಿಗೆ ಮಾತು ಬಂತು.

ಈಶ್ವರಿ ಪಕ್ಕದಲ್ಲಿ ನಿಂತಿದ್ದಳು. "ಅಕ್ಕಾ, ರುಮಾಲ ಹೊಸದು ಕಾಣಸ್ತದಲ್ರಿ?"

"ಮೊಮ್ಮಗಳ ಕುಬಸದಾಗ ಬೀಗರು ಆಹೇರಿ ಮಾಡ್ಯಾರ," ಎಂದ ಧೊಂಡಿಬಾ ಮಲಗಿದಲ್ಲಿಂದಲೇ. "ಭಾರಿ ರುಮಾಲ ಅದ. ಬೀಗರು ಹಗರಂದು ಕೊಡ್ತಾರೇನು?"

"ಕಾಕಾ, ಒಂದ್ ಸಲ ತೂಗಿ ನೋಡಬೇಕ್ರಿ."

"ಪರದಾ ಎಳೀರಿ, ತಗದು ಕೊಡ್ತೇನಿ. ಆರು ವರ್ಷದಾಗ ಯಾರಾದ್ರೂ ಪರದಾ ಎಳದು ಕೇಳೀರೇನು ನನಗ? ಬರೇ ಚೀಲದಾಗ ತರ್ರಿ, ಚೀಲದಾಗ ತರ್ರಿ!"

ಹೊಸ ರುಮಾಲು ಒಂಬೈನೂರ ಐವತ್ತು ಗ್ರಾಂ ತೂಗಿತು. ಅರ್ಧ ಕಿಲೋಗಿಂತ ಹೆಚ್ಚು ನೀರು, ತೆಗೆಯಬಾರದ್ದು, ನಲವತ್ತಾರು ಕಿಲೋದ ಮುದುಕನ ಮೈಯಿಂದ ಹೋಗಿತ್ತು. ಉಜ್ವಲಾ ಸಿಸ್ಟರ್ ಕಪಾಟಿನ ಪಟ್ಟಿಯನ್ನು ಉಗುರಿನಿಂದ ಕೆರೆದು ಕಿತ್ತರು.

ಸಂಜೆಯೇ ಸಂಜುಕುಮಾರ ಕರೆಸಿದರು. ಸುದ್ದಿ ಮುಟ್ಟಿತ್ತು. ಅವರಿಗೆ ಸಿಟ್ಟು ಬಂದಿರಲಿಲ್ಲ, ಖುಷಿಯಾಗಿದ್ದರು.

"ನೋಡ್ರಿ ಸಿಸ್ಟರ್, ನಿಮ್ಮ ತಪ್ಪು ಪರೀಕ್ಷಾ ಪಾಸಾದಾಕಿ ಹಿಡದಾಳ. ಇದರ ಮ್ಯಾಲ ಮತ್ತೇನ್ ಸಬೂತ ಬೇಕು? ಬರದುಬಿಡ್ರಿ ಆ ಸಾಲು."

"ಒಂದ್ ರುಮಾಲಿಗಿ ಸಂಶೋಧನಾ ಅನ್ನಲ್ರಿ ಸರ್. ಆಕಿ ಹಿಡದದ್ದು ಖರೆ. ದಿನಾ ಕೇಳ್ತಾಳ, ಅದಕ್ಕ ಹಿಡದಾಳ. ಸರ್ಟಿಫಿಕೇಟ್ ಗೋಡಿಗಿ ತೂಗಹಾಕಿ ಕೇಳೂದು ಬಿಟ್ರ ಆಕೀನೂ ನನ್ನಂಗೇ ಆಗ್ತಾಳ."

"ಮಾಫಿ ಸಿಗಲ್ರಿ ನಿಮಗ."

"ಬೇಡಿಲ್ರಿ."

ಮನೆಗೆ ಬಂದು, ಹತ್ತು ಪುಟವಾಗಿದ್ದ ವರದಿಗೆ ಹನ್ನೊಂದನೆಯ ಪುಟ ಬರೆದರು. ಧೊಂಡಿಬಾನ ತೂಕದಲ್ಲಿ ತಾವು ಮಾಡಿದ ತಪ್ಪು, ತಮ್ಮ ಪೂರ್ತಿ ಹೆಸರಿನೊಂದಿಗೆ. ಕೆಳಗೆ ಒಂದು ಬೇಡಿಕೆ: ಪ್ರಮಾಣಪತ್ರ ಇರಲಿ ಇಲ್ಲದಿರಲಿ, ಆರು ತಿಂಗಳಿಗೊಮ್ಮೆ ಎಲ್ಲ ನರ್ಸ್‌ಗಳನ್ನೂ ರೋಗಿಯ ಮಂಚದ ಪಕ್ಕದಲ್ಲೇ, ಕೆಲಸ ಮಾಡಿಸಿ ಪರೀಕ್ಷಿಸಬೇಕು. ಪಟ್ಟಿಯಲ್ಲಿ ಮೊದಲ ಹೆಸರಾಗಿ ತಮ್ಮದನ್ನೇ ಬರೆದರು.

ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ ಮಹಮೂದಾ ಬೇಗಂ ಅದನ್ನು ಓದಿದರು. ಓದಿ ಮಡಿಲಲ್ಲಿ ಮಡಚಿಟ್ಟುಕೊಂಡರು.

"ಹತ್ತು ಪುಟ ಚಲೋ ಅವ. ಇದೊಂದು ತಗಿ ಬೇಟಾ. ನಿನ್ನ ಕುತಗಿ ನೀನೇ ಕೊಡ್ಲತಿ. ಜಿದ್ದ ಮಾಡಬ್ಯಾಡ."

"ಇಪ್ಪತ್ತಾರು ಲೇಖನಕ್ಕ ಏನಂತ ಬರದೀನ್ರಿ ಮೇಡಂ? ತಮ್ಮ ಬಗ್ಗಿ ಚಲೋದೇ ಹೇಳಿಕೊಂಡಾರ, ನಂಬಬ್ಯಾಡ್ರಿ ಅಂತ. ಈಗ ನಾ ನಂದು ಮುಚ್ಚಿಟ್ರ ಇಪ್ಪತ್ತೇಳನೇದು ನಾನೇ ಆಗ್ತೇನಿ."

ಮಹಮೂದಾ ಬೇಗಂ ಪುಟವನ್ನು ಅವರಿಗೇ ವಾಪಸ್ ಕೊಟ್ಟರು.

ಸಭೆಯಲ್ಲಿ ಐವರು ಟ್ರಸ್ಟಿಗಳಿದ್ದರು. ಉಜ್ವಲಾ ಸಿಸ್ಟರ್ ಹನ್ನೊಂದು ಪುಟವನ್ನೂ ನಿಂತೇ ಓದಿದರು. ಹನ್ನೊಂದನೆಯದನ್ನು ಓದುವಾಗ ದನಿ ನಡುಗಿತಂತೆ. ಅದನ್ನು ಬರೆಯಬೇಡ ಎಂದು ಅವರು ನನಗೆ ಹೇಳಲಿಲ್ಲ. ಓದು ಮುಗಿದ ಮೇಲೆ ಸಂಜುಕುಮಾರ ಎದ್ದು, ತಪ್ಪೊಪ್ಪಿಕೊಂಡವರನ್ನು ಇನ್‌ಚಾರ್ಜ್ ಇಡಲು ಬರುವುದಿಲ್ಲ, ಬೀದರಿಗೆ ಈಶ್ವರಿ ಇರಲಿ, ಇವರನ್ನು ಬೇಕಾದರೆ ಔರಾದ ಕೇಂದ್ರಕ್ಕೆ ಇನ್‌ಚಾರ್ಜ್ ಮಾಡೋಣ ಎಂದರು.

"ಸರ್ಟಿಫಿಕೇಟ್ ಇಲ್ಲಂದ್ರ ಇನ್‌ಚಾರ್ಜ್ ಇಲ್ಲ ಅಂತ ನೋಟಿಸ್ ಅದಲ್ರಿ?" ಎಂದರು ಉಜ್ವಲಾ ಸಿಸ್ಟರ್.

"ಔರಾದಿಗಿ ಸರ್ಟಿಫಿಕೇಟ್ ಇದ್ದವ್ರು ಯಾರ್ ಹೋಗ್ತಾರ್ರಿ?"

"ಔರಾದ ಮಂದಿ ಕಿಡ್ನಿ ಬ್ಯಾರೆ ಅದಾವೇನ್ರಿ ಸರ್? ನಾ ಅಲ್ಲಿಯಾಕಿ. ನನಗ ಹಂಗ ಅನಿಸಿಲ್ಲ."

ಹಿರಿಯ ಟ್ರಸ್ಟಿ ಒಬ್ಬರು ಗಟ್ಟಿಯಾಗಿ ನಕ್ಕರು. ಆಮೇಲೆ ಸಂಜುಕುಮಾರರ ಮುಖ ನೋಡಿ ನಗು ನಿಲ್ಲಿಸಿ, ಹನ್ನೊಂದನೆಯ ಪುಟವನ್ನು ಕೈಗೆ ತೆಗೆದುಕೊಂಡು ಮತ್ತೊಮ್ಮೆ ಓದಿದರು.

ತೀರ್ಮಾನ ಹೀಗಾಯಿತು. ಬೀದರಿನ ಕೀಲಿಗೊಂಚಲು ಈಶ್ವರಿಗೆ ಹೋಯಿತು. ಆರು ತಿಂಗಳ ಪರೀಕ್ಷೆ ಮೂರೂ ಊರಿಗೆ, ಎಲ್ಲರಿಗೂ ಬಂತು. ಔರಾದದ ಇನ್‌ಚಾರ್ಜ್ ಹುದ್ದೆ ಒಲ್ಲೆ ಎಂದು ಉಜ್ವಲಾ ಸಿಸ್ಟರ್ ಬರೆದುಕೊಟ್ಟರು. ಬೀದರಿನಲ್ಲೇ, ತಾವು ಒಂಬತ್ತು ವರ್ಷ ನಡೆಸಿದ ವಿಭಾಗದಲ್ಲೇ, ಬರೀ ಸ್ಟಾಫ್ ನರ್ಸ್ ಆಗಿ ಉಳಿದರು. ಸಂಬಳದ ಜೊತೆಗಿದ್ದ ಭತ್ಯೆ ಹೋಯಿತು. ಓಣಿಯಲ್ಲಿ ಕೆಲವರು ಅಯ್ಯೋ ಅಂದರು. ಅವರಿಗೆಲ್ಲ, "ಯಂತ್ರ ಅವೇ ಅವ, ಪೇಷಂಟ್ ಅವರೇ ಅದಾರ, ಅಳೂದು ಯಾಕ?" ಎಂದು ಒಂದೇ ಉತ್ತರ ಕೊಟ್ಟರು.

ಪರೀಕ್ಷೆಯ ದಿನ ಈಶ್ವರಿ ಸಂಕೋಚಪಟ್ಟಳು. "ಅಕ್ಕಾ, ನೀವು ಕಡೀಕ ಬರ್ರಿ."

"ಕಡೀಕ ಯಾಕ? ಹಾಳ್ಯಾಗ ನಂದೇ ಹೆಸರು ಮೊದಲದ. ತಗಿ ಪೆನ್ನು."

ಹದಿನಾಲ್ಕು ಹಂತ. ಹನ್ನೆರಡು ಸರಿ ಆದವು. ಒಂಬತ್ತನೆಯದರಲ್ಲಿ ಕೈ ತೊಳೆಯುವ ಮೊದಲೇ ಗ್ಲೌಸ್ ಹಾಕಿದರು. ಹದಿಮೂರರಲ್ಲಿ ರೋಗಿಗೆ ಕೇಳಬೇಕಾದ ಒಂದು ಪ್ರಶ್ನೆ ಮರೆತರು. ಈಶ್ವರಿಯ ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು.

"ತಪ್ಪು ಅಂತ ಬರಿ," ಎಂದರು ಉಜ್ವಲಾ ಸಿಸ್ಟರ್. "ಸಣ್ಣಗ ಬರೀಬ್ಯಾಡ, ಎಲ್ಲಾರಿಗಿ ಕಾಣಬೇಕು. ಬರದು ಆ ಪೆನ್ನು ಇತ್ತ ಕೊಡು. ಈಗ ನಿಂದು ಪಾಳಿ."

ತಕ್ಕಡಿಯ ಸುತ್ತ ಹೊಸದಾಗಿ ಹಾಕಿದ್ದ ಹಸಿರು ಪರದೆಯ ಒಳಗಿನಿಂದ ಧೊಂಡಿಬಾ ಕೂಗಿದ: "ನಿಮ್ಮ ಪರೀಕ್ಷಾ ಆಮ್ಯಾಲ ಮಾಡಕೋರೆವ್ವಾ! ನಾ ರುಮಾಲ ತಗದು ನಿಂತೀನಿ, ತಲಿಗಿ ಥಂಡಿ ಹತ್ತಲತದ. ತೂಕ ಬರಕೋರಿ!"

ಇಬ್ಬರೂ ಒಟ್ಟಿಗೇ ಹೋಗಿ ಬರೆದುಕೊಂಡರು.