ಸಂಘ ಬಿಟ್ಟುಕೊಟ್ಟ ಅಕ್ಕಾರು

ಸಿಂದಗಿಯಲ್ಲಿ ನಮ್ಮ ಮಹಿಳಾ ಸಂಘವನ್ನು ಕಟ್ಟಿದವರನ್ನು ನಾವೆಲ್ಲ ಅಕ್ಕಾರು ಎಂದೇ ಕರೆಯುತ್ತಿದ್ದೆವು. ಸಂಘ ನಡೆಸುವುದು ಹೇಗೆಂದು ತಿಳಿಸುವ ಪುಸ್ತಕಗಳನ್ನು ಎಲ್ಲೆಲ್ಲಿಂದಲೋ ತರಿಸಿ, ಪ್ರತಿ ಸಭೆಯಲ್ಲೂ ಎರಡು ಪುಟ ಓದಿಸುತ್ತಿದ್ದರು. ಓದುವವರು ತಡವರಿಸಿದರೆ ಕನ್ನಡಕ ತೆಗೆದು, ಸೆರಗಿನಿಂದ ಒರೆಸುತ್ತ ಕಾಯುತ್ತಿದ್ದರು. ಕೊನೆಗೆ ಯಾವಾಗಲೂ ಒಂದೇ ಮಾತು: “ಓದಿದ್ದು ಖರೇ ಐತೇನು, ವಿಚಾರ ಮಾಡ್ರಿ.”

ಒಮ್ಮೆ ಮೋರಟಗಿಯ ಹೆಣ್ಣುಮಗಳೊಬ್ಬಳು, ಕಟ್ಟಿದವರೇ ಕೊನೆಯವರೆಗೂ ಮುಂದಾಳಾಗಿದ್ದರೆ ಸಂಘ ಬೆಳೆಯುವುದಿಲ್ಲ ಎಂಬ ಪುಟವನ್ನು ಓದಿದಳು. ಮುಗಿಸಿ ತಲೆಯೆತ್ತಿ, “ಅಕ್ಕಾರ, ಇದು ಖರೇ ಅನಸ್ತೈತ್ರಿ,” ಎಂದಳು. ಅಕ್ಕಾರು ಪುಸ್ತಕ ಇಸಿದುಕೊಂಡು ಆ ಪುಟವನ್ನು ತಾವೇ ಇನ್ನೊಮ್ಮೆ ಓದಿದರು.

“ಹಂಗಾದ್ರ ಮುಂದಿನ ಸಭಾ ನೀನ ನಡಸವಾ,” ಎಂದು ಪುಸ್ತಕದ ಕಪಾಟಿನ ಕೀಲಿಕೈಯನ್ನು ಅವಳಿಗೆ ಕೊಟ್ಟು ಹೊರಟರು.

ಆಮೇಲೆ ಅಕ್ಕಾರು ಸಭೆಗೆ ಬರಲಿಲ್ಲ; ಸಂಘ ಚೆನ್ನಾಗಿಯೇ ನಡೆಯಿತು. ಸಂಘದ ಕೆಲಸಕ್ಕೆ ಊರೂರು ತಿರುಗುವ ಗಡಿಬಿಡಿಯಲ್ಲಿ ನಾವು ಅವರ ಮನೆಗೆ ಹೋಗುವುದನ್ನೇ ಬಿಟ್ಟೆವು. ವರ್ಷದ ನಂತರ ಒಂದು ಮಧ್ಯಾಹ್ನ ನಾನು ಹೋದಾಗ, ಬಾಗಿಲು ತೆರೆದವರೇ ನೆರಿಗೆ ಸರಿಮಾಡಿಕೊಂಡು ಚಪ್ಪಲಿ ಮೆಟ್ಟತೊಡಗಿದರು.

“ಸಭಾಕ್ಕ ಕರಿಯಾಕ ಬಂದೀಯೇನ ತಂಗಿ?”

ನಾನು ಸುಮ್ಮನೆ ಅವರನ್ನು ಮಾತಾಡಿಸಿ ಬರಲು ಹೋಗಿದ್ದೆ.