ಮಾರದೆ ಉಳಿಸಿಕೊಂಡ ಹೋರಿಗಳು

ಅಮೆರಿಕದ ಸರ್ಕಾರ ದನದ ಮಾಂಸದ ಬೆಲೆಗೆ ಮಿತಿ ಹಾಕಿದ್ದ ಎಪ್ಪತ್ಮೂರರ ಬೇಸಿಗೆಯಲ್ಲಿ ನಾನು ನ್ಯೂಜೆರ್ಸಿಯ ಒಂದು ಪಶು ಆಹಾರ ಕಂಪನಿಯಲ್ಲಿದ್ದೆ. ಮಾಂಸಕ್ಕಾಗಿ ಸಾಕುವ ಹೋರಿಗಳಿಗೆ ಏನು, ಎಷ್ಟು ತಿನ್ನಿಸಬೇಕೆಂದು ಹೇಳುವುದು ನನ್ನ ಕೆಲಸ. ಧಾರವಾಡದ ಕಡೆಯ ಸಸ್ಯಾಹಾರಿಗೆ ಇದೇ ಕೆಲಸ ಸಿಕ್ಕಿತೇ ಎಂದು ನಮ್ಮವರು ಮೂಗು ಮುರಿಯುತ್ತಿದ್ದರು. ಮುರಿಯಲಿ, ನಮ್ಮ ಮನೆ ಬಾಡಿಗೆ ಅವರೇನೂ ಕಟ್ಟುತ್ತಿರಲಿಲ್ಲ.

ಮನ್ರೋ ಊರಿನ ಬಳಿ ಒಬ್ಬ ರೈತನಿದ್ದ. ಈ ಸಲವೂ ಕೈ ಕಚ್ಚಿದರೆ ಹೊಲವನ್ನು ಮನೆ ಕಟ್ಟುವವರಿಗೆ ಮಾರುವುದೊಂದೇ ಅವನಿಗೆ ಉಳಿದ ದಾರಿ. ಅವನ ಹೋರಿಯ ಬಾಲದ ಬುಡ ಒತ್ತಿ ನೋಡಿದೆ. ಬೆರಳು ಕೊಬ್ಬಿನಲ್ಲಿ ಹುದುಗಿತು. "ಇವು ತಯಾರಾಗಿವೆ, ಈ ವಾರವೇ ಮಾರು," ಎಂದೆ. ಇನ್ನು ತಿಂದದ್ದೆಲ್ಲ ಬರೀ ಕೊಬ್ಬಾಗುತ್ತದೆ. ಅದನ್ನು ಕಟುಕ ಕತ್ತರಿಸಿ ಎಸೆಯುತ್ತಾನೆ, ಬೆಲೆ ಕೊಡುವುದಿಲ್ಲ. ಗೋವಿನಜೋಳವೋ ದಿನದಿನಕ್ಕೆ ತುಟ್ಟಿಯಾಗುತ್ತಿತ್ತು.

ನಮ್ಮ ಮಾರಾಟದ ಮ್ಯಾನೇಜರ್ ಅವನ ಕಿವಿಯಲ್ಲಿ ಬೇರೆಯೇ ಮಂತ್ರ ಊದಿದ್ದ: ಸೆಪ್ಟೆಂಬರಿಗೆ ಮಿತಿ ಹೋಗುತ್ತದೆ, ಬೆಲೆ ಏರುತ್ತದೆ, ತಡೆದುಕೋ. ಎಲ್ಲರೂ ತಡೆದುಕೊಂಡು ಒಂದೇ ಸಲ ಮಾರಲು ಬಂದರೆ ಏನು ಗತಿ ಎಂದು ಕೇಳಿದೆ. "ಅಲ್ಲಿಯವರೆಗೆ ಹೋರಿಗಳು ತಿನ್ನುತ್ತವಲ್ಲ, ನಮಗೆ ಅಷ್ಟು ಸಾಕು," ಎಂದು ನಕ್ಕ. ಉರಿಯುವ ಮನೆಯ ಗಳ ಹಿರಿಯುವುದೆಂದರೆ ಇದೇ.

ಮನೆಗೆ ಬಂದಾಗ ಹೆಂಡತಿ, "ಯಾಕ್ರೀ, ಮಾರಿ ಹಿಂಗ ಸಪ್ಪಗ ಮಾಡ್ಕೊಂಡ್ ಬಂದೀರಿ?" ಎಂದಳು. ಎಲ್ಲ ಹೇಳಿದೆ. "ಮತ್ತ ಇನ್ನೊಮ್ಮೆ ಡ್ರೈವ್ ಮಾಡ್ಕೊಂಡ್ ಹೋಗಿ ಹೇಳ್ರಿ. ನೌಕರಿ ಹೋದ್ರ ಹೋಗ್ಲಿ."

ಹೋದೆ. ರೈತ ಹೋರಿಗಳಿಗೆ ಮೇವು ಸುರಿಯುತ್ತಿದ್ದ. ಪಕ್ಕದ ಹೊಲದವರಿಬ್ಬರು ಬೇಲಿಗೆ ಒರಗಿ ನಿಂತಿದ್ದರು. ನನ್ನ ಮಾತೆಲ್ಲ ಕೇಳಿ, ಅವರತ್ತ ಒಮ್ಮೆ ನೋಡಿ, "ನಿಮ್ಮವರು ಹಸು ಕೊಲ್ಲಬೇಡಿ ಅನ್ನುತ್ತಾರೆ, ನೀನು ಬೇಗ ಕೊಲ್ಲಿಸು ಅನ್ನುತ್ತೀ!" ಎಂದ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಿತಿ ತೆಗೆದರು. ತಡೆದಿಟ್ಟವರೆಲ್ಲ ಒಟ್ಟಿಗೆ ಮಾರಲು ನುಗ್ಗಿದರು, ಬೆಲೆ ಕುಸಿಯಿತು. ಕೊಬ್ಬು ಹೆಚ್ಚಾಯಿತೆಂದು ಅವನ ಹೋರಿಗಳಿಗೆ ಇನ್ನೂ ಕಡಿಮೆ ಕೊಟ್ಟರು. ಹೊಲದಲ್ಲಿ ಮನೆ ಕಟ್ಟುವವರು ಗೂಟ ಹೊಡೆದರು. ನಮ್ಮ ಮ್ಯಾನೇಜರಿಗೆ ಬಡ್ತಿ ಸಿಕ್ಕಿತು!

ರೈತನನ್ನು ಕಾಣಲು ಹೋದೆ. "ನೀನು ಹೇಳಿದ್ದು ಸರಿ ಅಂತ ಆವತ್ತೇ ಗೊತ್ತಿತ್ತು," ಎಂದ. "ಆದರೆ ಮಾಂಸ ತಿನ್ನದವನ ಮಾತು ಕೇಳಿ ಮಾರಿದೆ ಅಂತ ಪಕ್ಕದ ಹೊಲದವರೆದುರು ಹೇಗೆ ಒಪ್ಪಿಕೊಳ್ಳಲಿ?"

ನನ್ನ ಮೈಯೆಲ್ಲ ಉರಿಯಿತು. ಅಯ್ಯೋ ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ನೆರೆಯವರಿಬ್ಬರು ನಗಬಾರದೆಂದು ತಾತನ ಕಾಲದ ಹೊಲ ಕಳೆದುಕೊಂಡಿದ್ದ, ಅದೂ ನನ್ನ ತಟ್ಟೆಯಲ್ಲಿ ಏನಿದೆ ಎನ್ನುವುದಕ್ಕಾಗಿ.