ಹೊಲಿಗೆ ಯಂತ್ರ ಒಲ್ಲೆನೆಂದವಳು

ಕಂಪ್ಲಿಯ ನಮ್ಮ ಮಹಿಳಾ ಮಂಡಳ ಸೇರುತ್ತಿದ್ದುದು ಹಳೆಯ ಅಕ್ಕಿ ಗಿರಣಿಯ ಪಡಸಾಲೆಯಲ್ಲಿ. ಆ ಮಧ್ಯಾಹ್ನ ಅಲ್ಲಿದ್ದವರು ಅಧ್ಯಕ್ಷೆ ದೊಡ್ಡಕ್ಕ, ಹೊಲಿಗೆ ಕಲಿಸುವ ಟೀಚರು, ಊರಿಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ನಾನು, ಮತ್ತೆ ಬಾಗಿಲ ಹತ್ತಿರ ಸೆರಗು ಮುಂದಕ್ಕೆಳೆದು ಕೂತ ಬಂಗಾಳದ ಹೆಣ್ಣುಮಗಳು. ಅವಳ ಪುಟ್ಟ ಮಗ ತೊಡೆಯ ಮೇಲೆ ನಿದ್ದೆ ಹೋಗಿದ್ದ.

ಗಡಿಯಾಚೆ ಊರು ಮನೆ ಬಿಟ್ಟು ಓಡಿ ಬಂದವರಿಗೆ ಸರ್ಕಾರ ಸಿಂಧನೂರಿನ ಕಡೆ ಕ್ಯಾಂಪು ಮಾಡಿಕೊಟ್ಟಿತ್ತು. ಅಲ್ಲಿಂದ ಇವಳು ನಾಟಿ ಕೆಲಸಕ್ಕೆಂದು ಹೊಳೆ ದಾಟಿ ಬಂದು ಇಲ್ಲೇ ಉಳಿದಿದ್ದಳು. ಕಾಲುವೆ ನೀರು ಹರಿದ ಮೇಲೆ ನಮ್ಮಲ್ಲಿ ಎರಡು ಬೆಳೆ. ದುಡಿಯುವ ಕೈ ಎಷ್ಟಿದ್ದರೂ ಸಾಲುತ್ತಿರಲಿಲ್ಲ. ಭತ್ತದ ಗದ್ದೆಯಲ್ಲಿ ಅವಳಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಉಳಿದದ್ದಕ್ಕೆಲ್ಲ ಮಂಡಳವಿತ್ತು. ದೊಡ್ಡಕ್ಕ ಬಾಡಿಗೆ ಕೋಣೆ ಹುಡುಕಿಕೊಟ್ಟರು, ರೇಷನ್ ಅಂಗಡಿಯವನ ಮುಂದೆ ನಿಂತು ಜಗಳವಾಡಿದರು, ಮಗನನ್ನು ಬಾಲವಾಡಿಗೆ ಸೇರಿಸಿದರು. ನನ್ನ ಪಾಲಿಗೆ ಬಂದದ್ದು ಕನ್ನಡ ಮತ್ತು ಜೋಳದ ರೊಟ್ಟಿ.

"ಇದೇನಬೇ, ರೊಟ್ಟಿನೋ ನಿಮ್ಮೂರ ನಕಾಶೆನೋ?" ಎಂದು ಟೀಚರು ಕಾಡಿದರೆ, "ನೀ ಮೀನು ಕೊಯ್ಯಿ, ಆಗ ನಾ ನಗ್ತೀನಿ" ಅನ್ನುವಷ್ಟು ಮಾತು ಕಲಿತಿದ್ದಳು.

ಆ ದಿನ ದೊಡ್ಡಕ್ಕನ ಮುಖ ಅರಳಿತ್ತು. ವಿಧವೆಯರಿಗೆಂದು ಕೊಡುವ ಹೊಲಿಗೆ ಯಂತ್ರ ನಮ್ಮ ಮಂಡಳಕ್ಕೂ ಒಂದು ಬಂದಿತ್ತು.

"ಈ ಮಷಿನ್ನು ನಿನಗ, ತಂಗಿ. ಇನ್ನ ಕೆಸರಾಗ ಬಗ್ಗೂದು ಬ್ಯಾಡ. ಗಂಡ ಸತ್ತ ಹೆಣ್ಮಕ್ಕಳಿಗಂತನ ಕೊಟ್ಟಾರ."

ಅವಳು ನನ್ನ ಕಡೆ ನೋಡಿದಳು. ತಿಳಿಯಲಿಲ್ಲವೇನೋ ಎಂದು ನಾನು ಬಿಡಿಸಿ ಹೇಳಿದೆ. ತಿಳಿದಿತ್ತು.

"ಗಂಡ ಇದಾನ," ಅಂದಳು.

ಸೆರಗು ಹಿಂದೆ ಸರಿಸಿದಳು. ಬೈತಲೆಯಲ್ಲಿ ಸಿಂಧೂರದ ಗೆರೆ. ಎರಡೂ ಕೈ ಮುಂದೆ ಚಾಚಿ ಬಿಳಿಯ ಶಂಖದ ಬಳೆ ತೋರಿಸಿದಳು. ಅವರಲ್ಲಿ ಮುತ್ತೈದೆಯ ಗುರುತು ಅವೇ. ಆ ಬಳೆಗಳನ್ನು ನಾವು ದಿನಾ ನೋಡಿದ್ದೆವು, ಆ ಕಡೆಯವರ ಶೋಕಿ ಅಂದುಕೊಂಡಿದ್ದೆವು. ಕೊರಳಲ್ಲಿ ತಾಳಿಯಿಲ್ಲ, ಕಾಲುಂಗುರವಿಲ್ಲ, ಗಾಜಿನ ಬಳೆಯಿಲ್ಲ. ಕೇಳಿ ನೋಯಿಸುವುದೇಕೆ ಎಂದು ಒಬ್ಬರೂ ಕೇಳಿರಲಿಲ್ಲ. ಶ್ರಾವಣದ ಅರಿಷಿಣ ಕುಂಕುಮಕ್ಕೂ ಕರೆದಿರಲಿಲ್ಲ.

ಅವಳು ತಡವರಿಸುತ್ತ ಹೇಳಿದಳು. ಗಡಿ ದಾಟುವಾಗ ಗಂಡ ಜೊತೆಯಲ್ಲೇ ಇದ್ದ. ಹಿಂದೆ ಉಳಿದ ತಾಯಿಯನ್ನು ಕರೆತರುತ್ತೇನೆ, ನೀವು ನಡೀರಿ ಎಂದು ಹೊರಟವನು ಮತ್ತೆ ಸಿಕ್ಕಿರಲಿಲ್ಲ.

"ಇಷ್ಟು ದಿನ ಆತು," ಟೀಚರು ಮೆತ್ತಗೆ ಅಂದರು. "ಸುಮ್ನ ಹೂಂ ಅನ್ನವಾ. ಮಗನ ಹೊಟ್ಟಿ ನೋಡು. ಬರೇ ಬಾಯಿಮಾತು, ಅದರಿಂದ ಏನಾಗತೈತಿ?"

"ನಾ ಹೂಂ ಅಂದ್ರ ಅವ ಸಾಯ್ತಾನ."

"ಭಾಳ ಸೊಕ್ಕು ಬಿಡ್ರಿ ಈಕಿಗೆ," ಎಂದು ಟೀಚರು ಎದ್ದು ಹೋದರು. ದೊಡ್ಡಕ್ಕ ತಮ್ಮ ಮಣಿಕಟ್ಟು ಸವರಿಕೊಂಡರು. ಅವರು ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಅವತ್ತು ಮನೆಯ ಹಿರಿಯರು ಅವರ ಕೈ ಹಿಡಿದು ಬಚ್ಚಲ ಕಲ್ಲಿಗೆ ಬಡಿದು ಬಳೆ ಒಡೆದಿದ್ದರಂತೆ. ಆ ಗಾಯದ ಗೆರೆ ಅಲ್ಲಿ ಹಾಗೇ ಇತ್ತು.

ಮಷಿನ್ನು ಬುಕ್ಕಸಾಗರದ ಒಬ್ಬ ಹೆಣ್ಣುಮಗಳಿಗೆ ಹೋಯಿತು. ಇವಳು ಮತ್ತೆ ಕೆಸರಿಗಿಳಿದಳು.

ಮುಂದಿನ ಶ್ರಾವಣದಲ್ಲಿ ದೊಡ್ಡಕ್ಕ ನನ್ನನ್ನು ಕಳಿಸಿ ಅವಳನ್ನು ಕರೆಸಿದರು. ವಿಧವೆಯಾದ ತಾವು ದೂರದ ಕಂಬಕ್ಕೊರಗಿ ಕೂತು, ನಮ್ಮ ಕೈಯಿಂದ ಉಡಿ ತುಂಬಿಸಿದರು. ಬಳೆಗಾರ, "ಈ ಬಿಳೀವು ತೆಗೀಬೇ, ಹಸಿರು ಏರವಲ್ಲವು" ಅಂದ.

"ಅವು ತೆಗ್ಯಂಗಿಲ್ಲ. ನೀ ಜಾಗ ಮಾಡು," ಅಂದಳು.

ಬಳೆಗಾರ ಜಾಗ ಮಾಡಿದ. ಅವತ್ತು ಸಂಜೆ ಅವಳು ಓಣಿಯ ಒಂದು ಮನೆ ಬಿಡದೆ ಕೈ ತೋರಿಸಿಕೊಂಡು ಬಂದಳು. ಟೀಚರ ಸಿಟ್ಟೂ ಇಳಿದಿತ್ತು. ಕೂಲಿ ಇಲ್ಲದ ದಿನ ಮಂಡಳದ ಹಳೇ ಮಷಿನ್ನಿನ ಮೇಲೆ ಅವಳಿಗೆ ಹೊಲಿಗೆ ಕಲಿಸತೊಡಗಿದರು.

ಮಗ ಶಾಲೆಗೆ ಹೋಗುವಂತಾಗಿದ್ದ. ಒಂದು ದಿನ ಗಂಗಾವತಿ ಬಸ್ಸಿಳಿದು ಅವಳ ದೇಶದವನೊಬ್ಬ ನಾಟಿ ಕೆಲಸ ಸಿಕ್ಕೀತೇ ಎಂದು ಕೇಳಲು ಮಂಡಳಕ್ಕೆ ಅವಳನ್ನು ಹುಡುಕಿಕೊಂಡು ಬಂದ. ಗಂಡ ತಾಯಿಯನ್ನು ಮಣ್ಣು ಮಾಡಿ, ಇವಳ ಹಿಂದೆಯೇ ಗಡಿ ದಾಟಿ ಬಂದಿದ್ದನಂತೆ. ಬೇರೆ ಕ್ಯಾಂಪಿಗೆ ಹಾಕಿದ್ದರು. ಅಲ್ಲಿ ಕಾಲರಾ ಬಂದು ತೀರಿಕೊಂಡಿದ್ದ. ಇವಳಿಗೆ ಆಗಲೇ ಗೊತ್ತಿರುತ್ತದೆ ಅಂದುಕೊಂಡಿದ್ದನಂತೆ ಆ ಮನುಷ್ಯ. ಅದುವರೆಗೆ ನಮ್ಮ ಪಡಸಾಲೆಯಲ್ಲಿ ಅವಳು ಮಷಿನ್ನಿಗೆ ಕೂತಾಗೆಲ್ಲ, ಗಂಡ ಬಂದಾಗ ತೊಡಲೆಂದು ಒಂದು ಅಂಗಿ ಹೊಲಿಯುತ್ತಿದ್ದಳು.

ಅವಳು ಅಳಲಿಲ್ಲ. ಕೈ ಎತ್ತಿ ಹೊಸ್ತಿಲ ಕಲ್ಲಿನ ಕಡೆ ಬಾಗಿದಳು. ದೊಡ್ಡಕ್ಕ ಓಡಿ ಬಂದು ಎರಡೂ ಮಣಿಕಟ್ಟು ಹಿಡಿದರು.

"ಬ್ಯಾಡ ನನ್ನವ್ವ. ನಂದು ಒಡದಿದ್ರು. ನಿಂದು ಒಡಿಯಾಕ ನಾ ಬಿಡಂಗಿಲ್ಲ."

ನನ್ನಿಂದ ಸಬಕಾರ ತರಿಸಿ, ಕೈ ತೋಯಿಸಿ, ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸಿದರು. ಆಮೇಲೆ ಶಂಖದವು. ಒಂದೂ ಒಡೆಯಲಿಲ್ಲ.

ಮುಂದಿನ ವರ್ಷ ಬಂದ ಮಷಿನ್ನು ಅವಳಿಗೇ ಕೊಟ್ಟರು. ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಹೋಗಿ ಅವಳ ಕೋಣೆಯಲ್ಲಿ ಇಳಿಸಿ ಬಂದೆವು. ಬಹಳ ದಿನ ಅವಳು ಅದಕ್ಕೆ ಮುಚ್ಚಿದ ಬಟ್ಟೆ ಸರಿಸಲಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಗಂಡನಿಗೆಂದು ಹೊಲಿದಿದ್ದ ಅಂಗಿಯ ಹೊಲಿಗೆ ಬಿಚ್ಚಿ, ಕತ್ತರಿಸಿ, ಮಗನ ಅಳತೆಗೆ ಹೊಲಿದಳು.